ಮೂವರು ವಕೀಲರು, ಒಂದು ಝೆರಾಕ್ಸ್ ಮಷೀನು: ಕಲಬುರಗಿಯ ಒಂದು ಆಫೀಸಿನಲ್ಲಿ ಬಳಕೆಯ ಲೆಕ್ಕ ಕೂಡಿಸಿದ ಪ್ರಕರಣ

ಕಲಬುರಗಿಯ ಸ್ಟೇಷನ್ ರೋಡಿನ ಕಡೆ ಮೂವರು ಹಿರಿಯ ವಕೀಲರು ಒಂದೇ ಆಫೀಸು ಹಂಚಿಕೊಂಡಿದ್ದಾರೆ. ಬಾಡಿಗೆ ಮೂರು ಪಾಲು, ಕರೆಂಟ್ ಬಿಲ್ಲು ಮೂರು ಪಾಲು, ಝೆರಾಕ್ಸ್ ಮಷೀನಿನ ಬಿಲ್ಲೂ ಮೂರು ಪಾಲು. ಮೊದಲಿನ ಎರಡಕ್ಕೆ ಯಾರದ್ದೂ ತಕರಾರಿಲ್ಲ. ಮೂರನೆಯದಕ್ಕೆ ಪ್ರತಿ ತಿಂಗಳೂ ಮಾತು ಬರುತ್ತಿತ್ತು. ಯಾರು ಎಷ್ಟು ಪ್ರಿಂಟ್ ತೆಗೆದರು ಅಂತ ಮಷೀನಿನಿಂದಲೇ ತಿಳಿಯೋ ಹಾಗೆ ಅಕೌಂಟ್ ಮಾಡಿಕೊಡಿ ಎಂದು ನನ್ನನ್ನು ಕರೆದರು. ಊರಿನ ಆಫೀಸುಗಳಿಗೆ ನೆಟ್‌ವರ್ಕ್, ಪ್ರಿಂಟರ್ ಕೂಡಿಸಿ ಕೊಡೋದು ನನ್ನ ಕೆಲಸ. ಈ ಕೆಲಸ ನಡೆದ ರೀತಿಯನ್ನು ಪೂರ್ತಿ ಬರೆಯುತ್ತಿದ್ದೇನೆ. ಒಂದೇ ಮಷೀನನ್ನು ನಾಲ್ಕು ಜನ ಹಂಚಿಕೊಂಡಿರುವ ಯಾವ ಆಫೀಸಿಗಾದರೂ ಇದು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಖಾತ್ರಿ ಇದೆ.

ಆಫೀಸಿನ ಕೆಲಸ ಹೇಗಿದೆ ಅಂತ ತಿಳಿಯದೆ ಈ ಲೆಕ್ಕ ಅರ್ಥವಾಗೋದಿಲ್ಲ. ಒಬ್ಬರು ಭೂಸ್ವಾಧೀನದ ಕೇಸು ನಡೆಸುತ್ತಾರೆ. ಕಾಲುವೆಗೆ, ಕೆರೆಗೆ ಹೊಲ ಹೋದ ರೈತರ ಅಪೀಲುಗಳು. ಇನ್ನೊಬ್ಬರದ್ದು ಸರ್ವಿಸ್ ಮ್ಯಾಟರ್: ವರ್ಗಾವಣೆ, ಬಡ್ತಿ, ಈ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಅಡಿಯ ನೇಮಕಾತಿ. ಒಂದು ಅರ್ಜಿಗೆ ಅರ್ಧ ಕೈ ದಪ್ಪದ ಅನೆಕ್ಷರ್, ಅಂದರೆ ಲಗತ್ತಿಸುವ ದಾಖಲೆ, ಇರುತ್ತದೆ. ಮೂರನೆಯವರು ಅಪಘಾತ ಪರಿಹಾರದ ಕೇಸುಗಳಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ಪರವಾಗಿ ನಿಲ್ಲುತ್ತಾರೆ. ಕೆಳಗಿನ ಕೋರ್ಟಿನ ದಾಖಲೆಗಳೆಲ್ಲ ಇವರಿಗೆ ಮೇಲ್‌ನಲ್ಲೇ ಬರುತ್ತವೆ. ಅಂದರೆ ಪ್ರಿಂಟು ಇಲ್ಲೇ ತೆಗೆಯಬೇಕು.

2008ಕ್ಕೆ ಮುಂಚೆ ಇಷ್ಟು ಕಾಗದ ಇಲ್ಲಿ ಓಡುತ್ತಿರಲಿಲ್ಲ. ಹೈಕೋರ್ಟಿನ ಕೆಲಸ ಅಂದರೆ ಕಟ್ಟು ಹೊತ್ತುಕೊಂಡು ರಾತ್ರಿ ರೈಲಿಗೆ ಬೆಂಗಳೂರು. ಆ ವರ್ಷ ಇಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಈಗ ಕಲಬುರಗಿ, ಬೀದರ್, ಯಾದಗಿರಿ ಅಷ್ಟೇ ಅಲ್ಲ, ರಾಯಚೂರು, ವಿಜಯಪುರದ ಕೇಸುಗಳೂ ಇಲ್ಲೇ ಫೈಲ್ ಆಗುತ್ತವೆ. ಕೋರ್ಟಿಗೆ ಕೊಡುವ ಆ ಪ್ರತಿಗಳ ಸೆಟ್‌ಗಳೆಲ್ಲ ತಯಾರಾಗೋದು ಇಂಥ ಆಫೀಸುಗಳ ಮಷೀನಿನಲ್ಲಿ.

ಮಷೀನು ಬಾಡಿಗೆಯದ್ದು. ಎ3 ಸೈಜಿನ ಕಪ್ಪು-ಬಿಳುಪು ಕ್ಯೋಸೆರಾ. ಒಪ್ಪಂದ ಪರ್ ಕಾಪಿ ಲೆಕ್ಕದ್ದು. ತಿಂಗಳ ಮೊದಲ ವಾರ ಹುಡುಗ ಬಂದು ಮೀಟರ್ ರೀಡಿಂಗ್ ಬರೆದುಕೊಂಡು ಹೋಗುತ್ತಾನೆ, ಬಿಲ್ಲು ಬರುತ್ತದೆ. ಟೋನರ್, ರಿಪೇರಿ ಅವರದ್ದು, ಕಾಗದ ಆಫೀಸಿನದ್ದು. ಈ ಎರಡು ಖರ್ಚು ಬೇರೆ ಬೇರೆ ಅನ್ನೋದನ್ನು ಇಲ್ಲೇ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮೊದಲು ಆಗಿದ್ದ ಏರ್ಪಾಟು

ನಾನು ಹೋಗುವ ಮುಂಚೆಯೇ ಮಷೀನಿನಲ್ಲಿ ಅಕೌಂಟ್‌ಗಳು ಇದ್ದವು. ಬಾಡಿಗೆಗೆ ಕೊಟ್ಟವರ ಕಡೆಯ ಹುಡುಗ ಕೇಳಿದ ತಕ್ಷಣ ಮಾಡಿಕೊಟ್ಟು ಹೋಗಿದ್ದ. ತಲೆಗೊಂದು ಕೋಡ್. ಮೂವರು ಹಿರಿಯರು, ಜೂನಿಯರ್‌ಗಳು, ಗುಮಾಸ್ತರು, ಟೈಪಿಸ್ಟ್, ಎಲ್ಲರಿಗೂ ಒಂದೊಂದು. ನೋಡಲಿಕ್ಕೆ ಅಚ್ಚುಕಟ್ಟು. ಆದರೆ ತಿಂಗಳ ಕೊನೆಗೆ ರಿಪೋರ್ಟ್ ತೆಗೆದಾಗ ಯಾವ ಪ್ರಶ್ನೆಗೂ ಉತ್ತರ ಸಿಗಲಿಲ್ಲ.

ಹಿರಿಯ ವಕೀಲರ ಹೆಸರಿನಲ್ಲಿ ಹತ್ತಿಪ್ಪತ್ತು ಪುಟ ಕೂಡ ಇರಲಿಲ್ಲ. ಇದ್ದದ್ದೆಲ್ಲ ಗುಮಾಸ್ತರ ಹೆಸರಿನಲ್ಲಿ. ವಕೀಲರ ಆಫೀಸು ನೋಡಿದವರಿಗೆ ಇದು ಗೊತ್ತೇ ಇದೆ, ಹಿರಿಯರು ಮಷೀನಿನ ಹತ್ತಿರ ಬರೋದೇ ಇಲ್ಲ. ಹಳೆಯ ಗುಮಾಸ್ತರು ಮೂವರ ಕೆಲಸವನ್ನೂ ಮಾಡುತ್ತಾರೆ. ಬೆಳಿಗ್ಗೆ ಒಬ್ಬರ ಅಪೀಲು, ಮಧ್ಯಾಹ್ನ ಇನ್ನೊಬ್ಬರ ಅಬ್ಜೆಕ್ಷನ್. ಅವರ ಕೋಡ್‌ನಲ್ಲಿ ಬಿದ್ದ ಪುಟಗಳಲ್ಲಿ ಯಾವುದು ಯಾರದ್ದು ಅಂತ ಮಷೀನು ಹೇಗೆ ಹೇಳಬೇಕು? ಟೈಪಿಸ್ಟ್‌ದೂ ಅದೇ ಕಥೆ.

ಲೆಕ್ಕವಂತೂ ಸಿಗಲಿಲ್ಲ, ಮೇಲಿಂದ ಮನಸ್ತಾಪ ಬೇರೆ. ರಿಪೋರ್ಟಿನಲ್ಲಿ ಅತಿ ದೊಡ್ಡ ಅಂಕಿ ಗುಮಾಸ್ತರ ಹೆಸರಿನ ಎದುರಿಗೆ ಇತ್ತಲ್ಲ, ಯಾರೋ ಜೂನಿಯರ್ ಅದನ್ನು ಗಟ್ಟಿಯಾಗಿ ಓದಿದ್ದಾರೆ. ಅವರಿಗೆ ಬೇಜಾರಾಗಿದೆ. ನಾನು ಮಷೀನಿನ ಮುಂದೆ ಕೂತಾಗ ಮೊದಲು ಕೇಳಿದ್ದೇ ಅದು: “ಏನ್ರೀ ಸರ, ಇದು ನಮ್ ಮ್ಯಾಲ ನಿಗಾ ಇಡ್ಲಾಕ ಏನ್ರೀ?”

ಅವರು ಕೇಳಿದ್ದು ಸರಿಯಾಗಿತ್ತು. ಅತಿ ಹೆಚ್ಚು ಕೆಲಸ ಮಾಡಿದವರು ಅತಿ ಹೆಚ್ಚು ಖರ್ಚು ಮಾಡಿದವರ ಹಾಗೆ ಕಾಣುವ ರಿಪೋರ್ಟ್ ತಪ್ಪು ರಿಪೋರ್ಟ್. ಮಷೀನು ಎಣಿಸಿದ್ದರಲ್ಲಿ ದೋಷ ಇರಲಿಲ್ಲ. ಯಾರ ಲೆಕ್ಕದಲ್ಲಿ ಎಣಿಸಬೇಕು ಅಂತ ಅದಕ್ಕೆ ಹೇಳಿಕೊಟ್ಟದ್ದರಲ್ಲಿ ದೋಷ ಇತ್ತು.

ಕೋಡ್ ಯಾರಿಗೆ?

ಮೆನು ತೆರೆಯುವ ಮುಂಚೆ ಮೂವರನ್ನೂ ಒಟ್ಟಿಗೆ ಕೂಡಿಸಿ ಒಂದೇ ಪ್ರಶ್ನೆ ಕೇಳಿದೆ: ತಿಂಗಳ ಕೊನೆಗೆ ಈ ಅಂಕಿ ನೋಡಿ ನೀವು ಏನು ಮಾಡುತ್ತೀರಿ? ಉತ್ತರ ಸರಳವಾಗಿತ್ತು. ಬಿಲ್ಲು ಹಂಚಿಕೊಳ್ಳುತ್ತೇವೆ. ಹಾಗಾದರೆ ದುಡ್ಡು ಕೊಡುವ ಜೇಬು ಎಷ್ಟಿವೆಯೋ ಅಷ್ಟೇ ಕೋಡ್ ಸಾಕು. ಮಷೀನಿನ ಮುಂದೆ ಯಾರು ನಿಂತರು ಅನ್ನೋದು ಬೇಡ, ಆ ಕೆಲಸ ಯಾರಿಗಾಗಿ ಅನ್ನೋದು ಬೇಕು.

ಮೂವರಿಗೆ ಮೂರು ಕೋಡ್. ನಾಲ್ಕನೆಯದು ಇನ್ಶೂರೆನ್ಸ್ ಕಂಪನಿಯ ಕೆಲಸಕ್ಕೆ. ಆ ಕೇಸುಗಳ ಪ್ರಿಂಟ್ ಖರ್ಚನ್ನು ಬಿಲ್ ಹಾಕಿ ಕಂಪನಿಯಿಂದಲೇ ತರಿಸಿಕೊಳ್ಳಬಹುದು. ಇಷ್ಟು ದಿನ ಅದಕ್ಕೆ ಲೆಕ್ಕ ಇಲ್ಲದ್ದರಿಂದ ಮೂವರೂ ಸೇರಿ ಕಂಪನಿಯ ಖರ್ಚು ಹೊರುತ್ತಿದ್ದರು. ಐದನೆಯದು ಸಾಮಾನ್ಯ ಖಾತೆ: ಕಾಸ್ ಲಿಸ್ಟ್ (ಕೋರ್ಟಿನಲ್ಲಿ ಆ ದಿನ ಬರುವ ಕೇಸುಗಳ ಪಟ್ಟಿ), ಬಾಡಿಗೆ ಕರಾರು, ಲೈಬ್ರರಿಗೆ ತೆಗೆದ ಜಜ್‌ಮೆಂಟ್, ಇಂಥವು.

ಭೂಸ್ವಾಧೀನದ ವಕೀಲರು ಕೇಸಿಗೊಂದು ಕೋಡ್ ಬೇಕು ಅಂದರು. ಕಕ್ಷಿಗಾರರಿಗೆ ಖರ್ಚು ತೋರಿಸಲು ಸುಲಭ ಅಂತ ಅವರ ವಿಚಾರ. ನಾನು ಒಪ್ಪಲಿಲ್ಲ. ಅಕೌಂಟ್‌ಗಳ ಸಂಖ್ಯೆಗೆ ಮಷೀನಿನಲ್ಲಿ ಒಂದು ಮಿತಿ ಇದೆ ಅನ್ನೋದು ಒಂದು ಕಾರಣ. ದೊಡ್ಡ ಕಾರಣ ಬೇರೆ. ನೂರು ಕೋಡ್ ಇದ್ದರೆ ಗುಮಾಸ್ತರು ನೆನಪಿಡೋದು ಒಂದನ್ನೇ, ಎಲ್ಲವನ್ನೂ ಅದರಲ್ಲೇ ತೆಗೆಯುತ್ತಾರೆ. ಕೇಸಿನ ಖರ್ಚಿಗೆ ಅವರ ಫೀಸಿನ ರಿಜಿಸ್ಟರಿನಲ್ಲೇ ಒಂದು ಕಾಲಂ ಹಾಕಿಕೊಂಡರು. ಎಷ್ಟು ಸೆಟ್, ಎಷ್ಟು ಪುಟ. ಸೆಟ್ ಕಟ್ಟುವಾಗ ಬರೆದುಬಿಟ್ಟರೆ ಮುಗಿಯಿತು.

ಕೋಡ್ ಆಯ್ಕೆ ಮಾಡುವಾಗ ಒಂದು ಮಾತು ಬಂತು. ಬಾರ್ ಕೌನ್ಸಿಲ್‌ನ ಎನ್‌ರೋಲ್‌ಮೆಂಟ್ ನಂಬರನ್ನೇ ಕೋಡ್ ಮಾಡೋಣ, ಮರೆಯೋದಿಲ್ಲ ಅಂತ. ಆದರೆ ಆ ನಂಬರು ಪ್ರತಿ ವಕಾಲತ್ತಿನಲ್ಲೂ ಅಚ್ಚಾಗಿರುತ್ತದೆ, ಊರಿಗೆಲ್ಲ ಗೊತ್ತು. ಮೊಬೈಲಿನ ಕೊನೆಯ ಅಂಕಿಗಳೂ ಹಾಗೇ. ಈ ಮಷೀನು 8 ಅಂಕಿವರೆಗೆ ಕೋಡ್ ತೆಗೆದುಕೊಳ್ಳುತ್ತದೆ. ನಾವು ಐದು ಅಂಕಿಯದ್ದು ಮಾಡಿದೆವು. ಇದು ಬ್ಯಾಂಕಿನ ಪಿನ್ ಅಲ್ಲ, ತೀರಾ ಗುಟ್ಟು ಬೇಡ. ಆದರೆ ಪಕ್ಕದವರ ಕೋಡ್ ಒಂದು ಅಂಕಿ ತಪ್ಪಿ ಒತ್ತಿದರೆ ಬರೋ ಹಾಗೂ ಇರಬಾರದು. 10001, 10002 ಅಂತ ಸಾಲಾಗಿ ಕೊಟ್ಟರೆ ಅದೇ ಆಗೋದು.

ಮಷೀನಿನಲ್ಲಿ ಮಾಡಿದ್ದು

ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರು ಇಟ್ಟಿದೆ. ಕ್ಯೋಸೆರಾದಲ್ಲಿ ಜಾಬ್ ಅಕೌಂಟಿಂಗ್, ಕ್ಯಾನನ್‌ನಲ್ಲಿ ಡಿಪಾರ್ಟ್‌ಮೆಂಟ್ ಐಡಿ ಮ್ಯಾನೇಜ್‌ಮೆಂಟ್, ರಿಕೋದಲ್ಲಿ ಯೂಸರ್ ಕೋಡ್, ಕೊನಿಕಾ ಮಿನೋಲ್ಟಾದಲ್ಲಿ ಅಕೌಂಟ್ ಟ್ರ್ಯಾಕ್. ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ನಿಮ್ಮಲ್ಲಿ ಬೇರೆ ಮಷೀನಿದ್ದರೂ ಇಲ್ಲಿ ಹೇಳುವ ಮಾತು ಅನ್ವಯಿಸುತ್ತದೆ, ಮೆನುವಿನ ಹೆಸರು ಮಾತ್ರ ಹುಡುಕಿಕೊಳ್ಳಬೇಕು.

ಮೊದಲು ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಮಷೀನಿನ ವಿಳಾಸ, ಗಟ್ಟಿ ಮಾಡಿದೆ. ಇದಕ್ಕೂ ಅಕೌಂಟಿಗೂ ಏನು ಸಂಬಂಧ ಅನ್ನಿಸಬಹುದು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುತ್ತದೆ, ರೂಟರ್ ಮತ್ತೆ ಶುರುವಾಗುತ್ತದೆ, ಮಷೀನಿಗೆ ಬೇರೆ ಅಡ್ರೆಸ್ ಕೊಟ್ಟುಬಿಡುತ್ತದೆ. ಪ್ರಿಂಟ್ ಬರೋದಿಲ್ಲ. ಹೊಸದಾಗಿ ಕೋಡ್ ಹಾಕಿದ ಆಫೀಸಿನಲ್ಲಿ ಏನು ಕೆಟ್ಟರೂ ಬೈಗುಳ ಕೋಡ್‌ಗೇ ಬೀಳುತ್ತದೆ. ಅದಕ್ಕೇ ರೂಟರಿನಲ್ಲೇ ಮಷೀನಿಗೊಂದು ಅಡ್ರೆಸ್ ಕಾದಿರಿಸಿದೆ.

ಆಮೇಲೆ ಕಂಪ್ಯೂಟರಿನ ಬ್ರೌಸರಿನಲ್ಲಿ ಆ ಅಡ್ರೆಸ್ ಹಾಕಿದರೆ ಮಷೀನಿನ ಸ್ವಂತ ಪುಟ ತೆರೆಯುತ್ತದೆ. ಕ್ಯೋಸೆರಾದಲ್ಲಿ ಇದರ ಹೆಸರು ಕಮಾಂಡ್ ಸೆಂಟರ್ ಆರ್‌ಎಕ್ಸ್. ಚಿಕ್ಕ ಪ್ಯಾನೆಲ್ ಮೇಲೆ ಒಂದೊಂದೇ ಅಕ್ಷರ ಒತ್ತುತ್ತಾ ಕೂರೋದಕ್ಕಿಂತ ಇಲ್ಲಿ ಮಾಡೋದು ಸುಲಭ. ಅಡ್ಮಿನ್ ಪಾಸ್‌ವರ್ಡ್ ಫ್ಯಾಕ್ಟರಿಯಿಂದ ಬಂದದ್ದೇ ಇತ್ತು. ಅದನ್ನು ಬದಲಿಸದೆ ಉಳಿದದ್ದೇನು ಮಾಡಿದರೂ ವ್ಯರ್ಥ. ಹೊಸ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಹಿರಿಯರೊಬ್ಬರ ಕಪಾಟಿನಲ್ಲಿ ಇಡಿಸಿದೆ. ಹಳೆಯ ಕೋಡ್‌ಗಳನ್ನು ಅಳಿಸುವ ಮುಂಚೆ ಅವುಗಳ ರಿಪೋರ್ಟ್ ಒಂದು ಪ್ರಿಂಟ್ ತೆಗೆದಿಟ್ಟೆವು. ನಂತರ ಐದು ಅಕೌಂಟ್ ಹಾಕಿ ಜಾಬ್ ಅಕೌಂಟಿಂಗ್ ಆನ್ ಮಾಡಿದೆ. ಕಾಪಿಗೆ ಬೇರೆ ಎಣಿಕೆ, ಪ್ರಿಂಟಿಗೆ ಬೇರೆ ಎಣಿಕೆ ಇರುವ ಹಾಗೆ ಇಟ್ಟೆ.

ಪ್ಯಾನೆಲ್ ಮುಂದೆ ನಿಂತು ಕಾಪಿ ತೆಗೆಯುವವರಿಗೆ ಈಗ ಮೊದಲು ಕೋಡ್ ಕೇಳುತ್ತದೆ. ಕೆಲಸ ಮುಗಿದ ಮೇಲೆ ಲಾಗೌಟ್ ಒತ್ತಬೇಕು. ಒತ್ತೋದಿಲ್ಲ, ಯಾವ ಆಫೀಸಿನಲ್ಲೂ ಒತ್ತೋದಿಲ್ಲ. ಹಿಂದಿನವರು ಬಿಟ್ಟುಹೋದ ಕೋಡ್‌ನಲ್ಲೇ ಮುಂದಿನವರ ಕಾಪಿ ಬೀಳುತ್ತದೆ. ಅದಕ್ಕೆ ಪ್ಯಾನೆಲ್ ತಾನಾಗಿ ಹಿಂದಕ್ಕೆ ಹೋಗುವ ಸಮಯವನ್ನು ಕಡಿಮೆ ಮಾಡಬೇಕು. ಅರ್ಧ ನಿಮಿಷಕ್ಕೆ ಇಟ್ಟು ನೋಡಿದೆವು. ಗುಮಾಸ್ತರು ಕೆಲಸ ಮಾಡೋದನ್ನು ಪಕ್ಕದಲ್ಲಿ ನಿಂತು ನೋಡಿದಾಗ ಅದು ಸಾಲದು ಅಂತ ಗೊತ್ತಾಯಿತು. ಹಳೆಯ ಕಟ್ಟು ಬಿಚ್ಚುತ್ತಾರೆ. ದಾರ ಸಡಿಲಿಸುತ್ತಾರೆ. ಪಹಣಿಯ ಸರ್ಟಿಫೈಡ್ ಕಾಪಿ ಹರಿಯದ ಹಾಗೆ ಮೆಲ್ಲಗೆ ಹೊರಗೆ ತೆಗೆದು, ಮಡಿಕೆ ಬಿಡಿಸಿ, ಗಾಜಿನ ಮೇಲೆ ಅಂಗೈಯಿಂದ ಸಮ ಮಾಡುತ್ತಾರೆ. ಅಷ್ಟರಲ್ಲಿ ಮಷೀನು ಮತ್ತೆ ಕೋಡ್ ಕೇಳುತ್ತದೆ. ಒಂದೊಂದು ಹಾಳೆಗೂ ಕೋಡ್ ಒತ್ತಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಒಂದು ನಿಮಿಷಕ್ಕೆ ಹೆಚ್ಚಿಸಿದೆವು, ಅಲ್ಲಿಗೆ ಸರಿಹೋಯಿತು.

ಕಂಪ್ಯೂಟರುಗಳಲ್ಲಿ ಮಾಡಿದ್ದು

ಹೆಚ್ಚಿನ ಕಡೆ ಕೆಲಸ ಕೆಡೋದು ಇಲ್ಲೇ. ಮಷೀನಿನಲ್ಲಿ ಕೋಡ್ ಹಾಕಿ ಬಂದುಬಿಡುತ್ತಾರೆ. ಕಂಪ್ಯೂಟರಿನಿಂದ ಬರುವ ಪ್ರಿಂಟಿಗೆ ಕೋಡ್ ಯಾರು ಕೊಡಬೇಕು? ಪ್ರಿಂಟರ್ ಡ್ರೈವರ್, ಅಂದರೆ ಕಂಪ್ಯೂಟರಿನಿಂದ ಮಷೀನಿಗೆ ಪ್ರಿಂಟ್ ಕಳಿಸುವ ಸಾಫ್ಟ್‌ವೇರ್, ಕೊಡಬೇಕು. ಅದರಲ್ಲಿ ಹಾಕದಿದ್ದರೆ ಮಷೀನಿಗೆ ಬಂದ ಜಾಬ್ (ಪ್ರಿಂಟಿನ ಕೆಲಸ) ಯಾರದ್ದು ಅಂತ ತಿಳಿಯೋದಿಲ್ಲ.

ವಿಂಡೋಸ್ ಜೊತೆ ತಾನಾಗಿ ಬರುವ ಡ್ರೈವರ್ ಇದಕ್ಕೆ ಸಾಲದು, ಕಂಪನಿಯ ಡ್ರೈವರೇ ಹಾಕಬೇಕು. ಕ್ಯೋಸೆರಾದ ಕೆಎಕ್ಸ್ ಡ್ರೈವರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಡಿವೈಸ್ ಸೆಟಿಂಗ್ಸ್, ಅಡ್ಮಿನಿಸ್ಟ್ರೇಟರ್ ಒಳಗೆ ಜಾಬ್ ಅಕೌಂಟಿಂಗ್ ಇದೆ. ಅಲ್ಲಿ ಒಂದೇ ಕೋಡ್ ಕಾಯಂ ಇಡಬಹುದು, ಅಥವಾ ಪ್ರತಿ ಸಲ ಕೇಳುವ ಹಾಗೆ ಮಾಡಬಹುದು.

ಜೂನಿಯರ್‌ಗಳ ಲ್ಯಾಪ್‌ಟಾಪ್‌ನಲ್ಲಿ ಅವರವರ ಹಿರಿಯರ ಕೋಡ್ ಕಾಯಂ ಇಟ್ಟೆ. ಅವರಿಗೆ ಏನೂ ಬದಲಾಗಿಲ್ಲ, ಪ್ರಿಂಟ್ ಒತ್ತಿದರೆ ಬರುತ್ತದೆ. ಕಷ್ಟ ಇದ್ದದ್ದು ಟೈಪಿಸ್ಟ್ ಅಕ್ಕನವರ ಕಂಪ್ಯೂಟರ್. ಅಲ್ಲಿ ಮೂವರ ಕೆಲಸವೂ ಬರುತ್ತದೆ. ಪ್ರತಿ ಪ್ರಿಂಟಿಗೂ ಕೋಡ್ ಕೇಳುವ ಹಾಗೆ ಮಾಡಿದರೆ ದಿನಕ್ಕೆ ಎಷ್ಟು ಸಲ ಒತ್ತಬೇಕು? ಬೇರೆ ದಾರಿ ಇದೆ. ಒಂದೇ ಮಷೀನನ್ನು ಆ ಕಂಪ್ಯೂಟರಿನಲ್ಲಿ ಐದು ಸಲ ಪ್ರಿಂಟರ್ ಆಗಿ ಸೇರಿಸಿದೆ. ಐದಕ್ಕೂ ಅದೇ ಅಡ್ರೆಸ್, ಒಳಗಿನ ಕೋಡ್ ಮಾತ್ರ ಬೇರೆ. ಹೆಸರು ಅಕ್ಕನವರು ಕರೆಯುವ ಹಾಗೇ ಇಟ್ಟೆ: “ದೊಡ್ಡ ಸಾಹೇಬ್ರು”, “ಸರ್ವಿಸ್ ಸಾಹೇಬ್ರು”, “ಆಕ್ಸಿಡೆಂಟ್ ಸಾಹೇಬ್ರು”, “ಇನ್ಶೂರೆನ್ಸ್”, “ಕಾಮನ್”. ಪ್ರಿಂಟ್ ಕೊಡುವಾಗ ಹೆಸರು ಆರಿಸಿದರೆ ಸಾಕು, ಅಂಕಿ ನೆನಪಿಡೋ ಗೋಜೇ ಇಲ್ಲ. “ಇದ್ ಚಲೋ ಆತ್ ನೋಡ್ರಿ ಅಣ್ಣಾ, ನಂಬರ್ ಗಿಂಬರ್ ನನ್ ತಲಿಗಿ ಹಚ್ಚಬ್ಯಾಡ್ರಿ” ಅಂದರು. ಈ ಆಫೀಸಿನಲ್ಲಿ ಮಾಡಿದ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ನನ್ನ ಅಭಿಪ್ರಾಯ.

ಗುರುತಿಲ್ಲದ ಜಾಬ್‌ಗಳನ್ನು ಏನು ಮಾಡಬೇಕು ಅಂತ ಮಷೀನಿನಲ್ಲಿ ಒಂದು ಸೆಟಿಂಗ್ ಇದೆ. ಬಿಡಬಹುದು ಅಥವಾ ತಡೆಯಬಹುದು. ಮೊದಲ ದಿನವೇ ತಡೆದುಬಿಟ್ಟರೆ ಮರುದಿನ ಬೆಳಿಗ್ಗೆ ಹತ್ತಕ್ಕೆ ಯಾರದ್ದೋ ಮೆಮೊ ಪ್ರಿಂಟ್ ಆಗದೆ ಆಫೀಸು ತಲೆಕೆಳಗಾಗುತ್ತದೆ. ಶುರುವಿಗೆ ಬಿಡುವ ಹಾಗೇ ಇಟ್ಟೆವು. ಕೋಡ್ ಇಲ್ಲದೆ ಬಂದ ಪುಟಗಳೆಲ್ಲ ‘ಅದರ್’ ಅನ್ನುವ ಖಾತೆಯಲ್ಲಿ ಬೀಳುತ್ತವೆ. ಸಂಜೆ ಸಂಜೆ ಆ ಖಾತೆ ನೋಡೋದು, ಜಾಬ್ ಲಾಗ್‌ನಲ್ಲಿ ಯಾವ ಕಂಪ್ಯೂಟರಿನಿಂದ ಬಂತು ಅಂತ ಹುಡುಕೋದು, ಹೋಗಿ ಡ್ರೈವರ್ ಸರಿ ಮಾಡೋದು. ಹೀಗೆ ಯಾರಿಗೂ ನೆನಪಿರದ ಒಂದು ಹಳೆಯ ಕಂಪ್ಯೂಟರ್ ಲೈಬ್ರರಿಯ ಮೂಲೆಯಲ್ಲಿ ಸಿಕ್ಕಿತು. ಮೊಬೈಲಿನಿಂದ ನೇರ ಪ್ರಿಂಟ್ ಕೊಡುವ ಇಬ್ಬರು ಜೂನಿಯರ್‌ಗಳೂ ಸಿಕ್ಕರು. ಮೊಬೈಲಿನಿಂದ ಬರುವ ಜಾಬ್‌ಗೆ ಕೋಡ್ ಇರಲಿಲ್ಲ. ಅಂಥ ಫೈಲನ್ನು ಟೈಪಿಸ್ಟ್ ಅಕ್ಕನವರಿಗೆ ಕಳಿಸಿ ಅಲ್ಲಿಂದ ತೆಗೆಸೋದು ಅಂತ ತೀರ್ಮಾನವಾಯಿತು. ‘ಅದರ್’ ಖಾತೆ ಬರಿದಾದ ಮೇಲೆ ತಡೆಯುವ ಸೆಟಿಂಗ್ ಹಾಕಿದೆವು. ಆಗ ಯಾರಿಗೂ ತೊಂದರೆಯಾಗಲಿಲ್ಲ.

ಮಿತಿ ಬೇಡ

ಕೋಡ್‌ಗೆ ತಿಂಗಳಿಗೆ ಇಷ್ಟೇ ಪುಟ ಅಂತ ಮಿತಿ ಹಾಕಬಹುದು. ಒಬ್ಬರಿಗೆ ಅದು ಬಹಳ ಹಿಡಿಸಿತು. ಖರ್ಚು ತಾನಾಗಿ ಕಡಿಮೆಯಾಗುತ್ತದಲ್ಲ ಅಂತ. ನಾನು ಗಟ್ಟಿಯಾಗಿ ಬೇಡ ಅಂದೆ.

ಮೋಟಾರು ವಾಹನ ಕಾಯ್ದೆಯ 173ನೇ ಕಲಮಿನಲ್ಲಿ ಹೈಕೋರ್ಟಿಗೆ ಅಪೀಲು ಹಾಕಲು 90 ದಿನ. ಕೆಲವು ಫೈಲುಗಳು 89ನೇ ದಿನ ಆಫೀಸಿಗೆ ಬರುತ್ತವೆ, ವಕೀಲರಿಗೆ ಇದು ಹೊಸದಲ್ಲ. ತಿಂಗಳ ಕೊನೆಯ ವಾರ, ಫೈಲಿಂಗ್ ಕೌಂಟರ್ ಮುಚ್ಚುವ ಹೊತ್ತು, ಮೂರನೆಯ ಸೆಟ್ ಅರ್ಧಕ್ಕೆ ಬಂದಾಗ ಮಷೀನು ‘ಮಿತಿ ಮುಗಿಯಿತು’ ಅಂತ ನಿಂತರೆ? ತಡವಾದದ್ದಕ್ಕೆ ಕಾರಣ ಕೊಟ್ಟು ಇನ್ನೊಂದು ಅರ್ಜಿ ಹಾಕಬೇಕು. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಕಕ್ಷಿಗಾರನ ಹಕ್ಕಿಗೆ ಕುತ್ತು ತರಬಾರದು. ಈ ಮಷೀನಿನಲ್ಲಿ ಮಿತಿ ಮುಟ್ಟಿದರೆ ಬರೀ ಎಚ್ಚರಿಕೆ ಕೊಡುವ ಆಯ್ಕೆಯೂ ಇದೆ. ಅದನ್ನೂ ಹಾಕಲಿಲ್ಲ. ಎಣಿಸೋದು ಬೇರೆ, ತಡೆಯೋದು ಬೇರೆ. ಇವರಿಗೆ ಬೇಕಾಗಿದ್ದದ್ದು ಎಣಿಕೆ.

ಮೀಟರ್ ಬೇರೆ, ಕಾಗದ ಬೇರೆ

ಮೊದಲೇ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೆ. ಮಷೀನಿನ ಮೀಟರ್ ಎಣಿಸೋದು ಹಾಳೆಯನ್ನಲ್ಲ, ಅಚ್ಚಾದ ಮಗ್ಗುಲನ್ನು. 120 ಪುಟದ ಅಪೀಲು, ನಾಲ್ಕು ಸೆಟ್. ಒಂದೇ ಮಗ್ಗುಲಿಗೆ ತೆಗೆದರೆ ಮೀಟರ್ 480 ಓಡುತ್ತದೆ, ಹಾಳೆ 480 ಹೋಗುತ್ತದೆ. ಎರಡೂ ಮಗ್ಗುಲಿಗೆ ತೆಗೆದರೆ ಮೀಟರ್ ಅದೇ 480, ಹಾಳೆ 240. ಅಂದರೆ ಎರಡು ಮಗ್ಗುಲು ಬಳಸಿದರೆ ಬಾಡಿಗೆಯವರ ಬಿಲ್ಲಿನಲ್ಲಿ ಒಂದು ಪೈಸೆ ಉಳಿಯೋದಿಲ್ಲ, ಸೂಪರ್ ಮಾರ್ಕೆಟ್‌ನಿಂದ ತರುವ ಕಾಗದದಲ್ಲಿ ಅರ್ಧ ಉಳಿಯುತ್ತದೆ.

ಹಾಗಾಗಿ ಎರಡು ಬಿಲ್ಲನ್ನೂ ಒಂದೇ ಅಳತೆಯಲ್ಲಿ ಹಂಚಿದರೆ ಅನ್ಯಾಯ. ಲೆಕ್ಕ ತಿಳಿಯಲೆಂದು ದುಂಡು ಅಂಕಿ ತೆಗೆದುಕೊಳ್ಳೋಣ. ಒಬ್ಬರದ್ದು 3,000 ಮಗ್ಗುಲು, ಎಲ್ಲ ಒಂದೇ ಕಡೆ. ಇನ್ನೊಬ್ಬರದ್ದು 4,000, ಎಲ್ಲ ಎರಡೂ ಕಡೆ. ಮೂರನೆಯವರದ್ದು 3,000, ಒಂದೇ ಕಡೆ. ಮೀಟರ್ ಬಿಲ್ಲಿನಲ್ಲಿ ನಡುವಿನವರ ಪಾಲು ಅತಿ ಹೆಚ್ಚು, ನೂರಕ್ಕೆ 40. ಕಾಗದದಲ್ಲಿ ಅವರದ್ದು ಅತಿ ಕಡಿಮೆ. ಒಟ್ಟು 8,000 ಹಾಳೆ, ಅಂದರೆ 500ರ 16 ರಿಮ್, ಅದರಲ್ಲಿ ಅವರದ್ದು ನಾಲ್ಕೇ ರಿಮ್. ಉಳಿದ ಇಬ್ಬರದ್ದು ಆರಾರು. ರಿಪೋರ್ಟಿನಲ್ಲಿ ಒಂದು ಮಗ್ಗುಲು ಎಷ್ಟು, ಎರಡು ಮಗ್ಗುಲು ಎಷ್ಟು ಅಂತ ಬೇರೆ ಬೇರೆ ಬರುತ್ತದೆ, ಅದರಿಂದ ಹಾಳೆಯ ಲೆಕ್ಕ ತೆಗೆಯಬಹುದು. ಜೂನಿಯರ್ ಒಬ್ಬರು ಎಕ್ಸೆಲ್ ಹಾಳೆ ಮಾಡಿಕೊಂಡರು. ಅಂಕಿ ತುಂಬಿದರೆ ಪಾಲು ತಾನಾಗಿ ಬರುತ್ತದೆ.

ಎ3 ವಿಚಾರಕ್ಕೆ ಒಪ್ಪಂದ ತೆಗೆದು ಓದಿ ಎಂದು ಹೇಳಿದೆ. ಕೆಲವು ಒಪ್ಪಂದಗಳಲ್ಲಿ ಎ3 ಒಂದನ್ನು ಎರಡು ಅಂತ ಹಿಡಿಯುತ್ತಾರೆ. ಭೂಸ್ವಾಧೀನದ ಕೇಸಿನಲ್ಲಿ ಸರ್ವೆ ನಕ್ಷೆಗಳು ಇರುತ್ತವೆ, ಅದು ದೊಡ್ಡ ಹಾಳೆಗೇ ಬೀಳುತ್ತದೆ. ಇವರ ಒಪ್ಪಂದದಲ್ಲೂ ಹಾಗೇ ಇತ್ತು, ಅದನ್ನು ಎಕ್ಸೆಲ್‌ನಲ್ಲಿ ಸೇರಿಸಿದರು. ಇ-ಫೈಲಿಂಗ್‌ಗೆ ಮಾಡುವ ಸ್ಕ್ಯಾನ್‌ಗೆ ಬಿಲ್ಲಿಲ್ಲ. ಅದನ್ನು ಎಣಿಸಿದರೂ ಹಂಚುವ ಲೆಕ್ಕದಿಂದ ಹೊರಗಿಟ್ಟೆವು.

ಟೋನರ್ ಸ್ವಂತ ದುಡ್ಡಿನಲ್ಲಿ ಹಾಕಿಸುವ ಆಫೀಸುಗಳಿಗೆ ಇಲ್ಲಿ ಒಂದು ಮಾತು. ಡಬ್ಬಿಯ ಮೇಲೆ ಬರೆದ ಪುಟಗಳ ಸಂಖ್ಯೆ ಹಾಳೆಯ ನೂರಕ್ಕೆ 5 ಭಾಗ ಮಾತ್ರ ಮಸಿ ಬಿದ್ದರೆ ಅನ್ನುವ ಲೆಕ್ಕದ್ದು. ಅಪಘಾತದ ಫೋಟೋ, ಮುಚ್ಚಳ ಎತ್ತಿಟ್ಟು ತೆಗೆದ ಕರಿ ಅಂಚಿನ ಕಾಪಿ, ಇವು ಎಷ್ಟೋ ಜಾಸ್ತಿ ನುಂಗುತ್ತವೆ. ಪುಟದ ಎಣಿಕೆ ಆ ವ್ಯತ್ಯಾಸವನ್ನು ತೋರಿಸೋದಿಲ್ಲ.

ತಾಳೆ ನೋಡುವ ಕ್ರಮವನ್ನೂ ಕಲಿಸಿದೆ. ಐದು ಖಾತೆಗಳ ಎಣಿಕೆಯನ್ನು ತಿಂಗಳಿಗೊಮ್ಮೆ ಸೊನ್ನೆ ಮಾಡಬಹುದು. ಮಷೀನಿನ ಒಟ್ಟು ಮೀಟರನ್ನು ಆಫೀಸಿನವರು ಸೊನ್ನೆ ಮಾಡಲು ಬರೋದಿಲ್ಲ, ಅದು ಏರುತ್ತಲೇ ಹೋಗುತ್ತದೆ. ಹೋದ ತಿಂಗಳ ಒಟ್ಟು, ಈ ತಿಂಗಳ ಒಟ್ಟು, ನಡುವಿನ ವ್ಯತ್ಯಾಸ ಐದು ಖಾತೆಗಳ ಮೊತ್ತಕ್ಕೆ ಹತ್ತಿರ ಇರಬೇಕು. ಸ್ವಲ್ಪ ಹೆಚ್ಚುಕಡಿಮೆ ಬಂದರೆ ಅದು ರಿಪೇರಿಗೆ ಬಂದವನು ತೆಗೆದ ಟೆಸ್ಟ್ ಕಾಪಿ, ಮಷೀನು ತಾನೇ ತೆಗೆಯುವ ಸ್ಟೇಟಸ್ ಪೇಜ್. ಬಹಳ ಅಂತರ ಇದ್ದರೆ ಎಲ್ಲೋ ಒಂದು ದಾರಿ ತೆರೆದಿದೆ ಅಂತ ಅರ್ಥ. ರೀಡಿಂಗ್ ತೆಗೆಯುವ ಹುಡುಗ ಬಂದ ಹೊತ್ತಿಗೇ ಖಾತೆಗಳ ರಿಪೋರ್ಟೂ ತೆಗೆಯಬೇಕು. ಎರಡು ದಿನ ಆಚೀಚೆಯಾದರೆ ತಾಳೆ ಬರೋದಿಲ್ಲ.

ಜನ ಮತ್ತು ಅಂಕಿ

ಗುಮಾಸ್ತರ ಬೇಜಾರಿಗೆ ಉತ್ತರ ಸೆಟಿಂಗ್‌ನಲ್ಲಿ ಅರ್ಧ ಇತ್ತು. ಅವರ ಹೆಸರಿನ ಖಾತೆಯೇ ಈಗ ಇಲ್ಲ. ಉಳಿದ ಅರ್ಧವನ್ನು ಹಿರಿಯರೇ ಮಾಡಿದರು. ಎಲ್ಲರನ್ನೂ ಕರೆದು, ಏನು ಎಣಿಸುತ್ತೇವೆ, ಯಾಕೆ ಎಣಿಸುತ್ತೇವೆ, ರಿಪೋರ್ಟ್ ಯಾರು ನೋಡುತ್ತಾರೆ ಅಂತ ಹೇಳಿದರು. ಮಷೀನಿನ ಜಾಬ್ ಲಾಗ್‌ನಲ್ಲಿ ಫೈಲಿನ ಹೆಸರು ಕಾಣುತ್ತದೆ ಅನ್ನೋದನ್ನೂ ಮುಚ್ಚಿಡಲಿಲ್ಲ. ಕಕ್ಷಿಗಾರರ ಹೆಸರು ಅದರಲ್ಲಿ ಇರುತ್ತದೆ, ಆದ್ದರಿಂದ ಅಡ್ಮಿನ್ ಪಾಸ್‌ವರ್ಡ್ ಇಬ್ಬರಿಗಷ್ಟೇ. ಮನೆಯ ಮಕ್ಕಳ ಹಾಲ್ ಟಿಕೆಟ್, ಆಧಾರ್ ಕಾಪಿ ಇಂಥವನ್ನು ಸಾಮಾನ್ಯ ಖಾತೆಯಲ್ಲಿ ತೆಗೆದುಕೊಳ್ಳಿ, ಕೇಳೋ ಅಗತ್ಯವಿಲ್ಲ ಅಂದರು. ಈ ಒಂದು ಮಾತಿನಿಂದ ಆಫೀಸಿನ ವಾತಾವರಣವೇ ಹಗುರವಾಯಿತು. ಗುಮಾಸ್ತರು ಆಮೇಲೆ ಹೊಸಬರಿಗೆ ತಾವೇ ತೋರಿಸಿಕೊಡಲು ಶುರು ಮಾಡಿದರು: “ಮದ್ಲ ಯಾರ್ ಕೆಲ್ಸ ಅಂತ ನೋಡು, ಆಮ್ಯಾಲ ಒತ್ತು.”

ಮೊದಲ ತಿಂಗಳ ರಿಪೋರ್ಟಿನಲ್ಲಿ ಯಾರೂ ನಿರೀಕ್ಷಿಸದ ಒಂದು ವಿಷಯ ಹೊರಬಂತು. ಮೂವರಲ್ಲಿ ಯಾರು ಜಾಸ್ತಿ ಅನ್ನೋದೇ ಜಗಳವಾಗಿತ್ತು. ಸಾಮಾನ್ಯ ಖಾತೆ ಅಷ್ಟು ದಪ್ಪ ಇರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಕಾರಣ ಹುಡುಕಿದರೆ ಕಾಸ್ ಲಿಸ್ಟ್. ಸಂಜೆ ಹೈಕೋರ್ಟಿನ ವೆಬ್‌ಸೈಟಿನಲ್ಲಿ ಮರುದಿನದ ಪಟ್ಟಿ ಬಂದ ಕೂಡಲೇ ಒಬ್ಬೊಬ್ಬ ಜೂನಿಯರ್ ಪೂರ್ತಿ ಪಟ್ಟಿಯ ಪ್ರಿಂಟ್ ತೆಗೆಯುತ್ತಿದ್ದರು. ತಮ್ಮ ಕೇಸು ಒಂದು ಪುಟದಲ್ಲಿ, ಉಳಿದದ್ದು ಮರುದಿನ ಬೆಳಿಗ್ಗೆ ರದ್ದಿಗೆ. ವಕೀಲರ ಹೆಸರಿನಿಂದ ಹುಡುಕಿ ತಮ್ಮ ಕೇಸುಗಳಷ್ಟನ್ನೇ ತೆಗೆಯಲು ಅಲ್ಲಿ ಬರುತ್ತದೆ. ಈಗ ಹಾಗೇ ತೆಗೆಯುತ್ತಾರೆ. ಪೂರ್ತಿ ಪಟ್ಟಿ ಆಫೀಸಿಗೆ ಒಂದೇ ಪ್ರತಿ, ಎರಡೂ ಮಗ್ಗುಲಿಗೆ, ಬಾಗಿಲ ಹತ್ತಿರದ ಬೋರ್ಡಿಗೆ.

ಮೂವರ ಪಾಲು ಸಮ ಬರಲಿಲ್ಲ, ಆದರೆ ಜಗಳವಾಗುವಷ್ಟು ದೂರವೂ ಇರಲಿಲ್ಲ. ಇನ್ಶೂರೆನ್ಸ್ ಖಾತೆಯನ್ನು ಬೇರೆ ತೆಗೆದಿದ್ದೇ ಅದಕ್ಕೆ ಮುಖ್ಯ ಕಾರಣ. ಆ ರಿಪೋರ್ಟನ್ನು ಲಗತ್ತಿಸಿ ಅವರು ಕಂಪನಿಗೆ ಬಿಲ್ ಕಳಿಸುತ್ತಾರೆ.

ಬಾಕಿ ಉಳಿದದ್ದು ಒಂದು ಮುನ್ನೆಚ್ಚರಿಕೆ. ಬಾಡಿಗೆಯ ಮಷೀನು ಕೆಟ್ಟರೆ ರಿಪೇರಿ ಮಾಡುತ್ತಾ ಕೂರದೆ ಬೇರೆ ಮಷೀನು ತಂದಿಟ್ಟು ಹಳೆಯದನ್ನು ಒಯ್ಯುವುದುಂಟು. ಅಕೌಂಟ್‌ಗಳು, ಎಣಿಕೆ, ಸ್ಕ್ಯಾನ್ ಕಳಿಸುವ ಅಡ್ರೆಸ್ ಬುಕ್ ಎಲ್ಲ ಅದರ ಜೊತೆ ಹೋಗುತ್ತವೆ. ಅದಕ್ಕೆ ಮೂರು ಕೆಲಸ ಬರೆದು ಮಷೀನಿನ ಪಕ್ಕದ ಗೋಡೆಗೆ ಹಚ್ಚಿಸಿದ್ದೇನೆ. ಮಷೀನು ಬಾಗಿಲು ದಾಟುವ ಮುಂಚೆ ಖಾತೆಗಳ ರಿಪೋರ್ಟ್ ಮತ್ತು ಒಟ್ಟು ಮೀಟರ್ ಪ್ರಿಂಟ್ ತೆಗೆದು ಒಯ್ಯುವವನ ಸಹಿ ಹಾಕಿಸೋದು. ಒಳಗೆ ಹಾರ್ಡ್ ಡಿಸ್ಕ್ ಇದ್ದರೆ ಅಳಿಸಿಯೇ ಒಯ್ಯಬೇಕು ಅನ್ನೋದು, ಕಕ್ಷಿಗಾರರ ಕಾಗದದ ಗುರುತು ಅದರಲ್ಲಿ ಉಳಿದಿರಬಹುದು. ಹೊಸ ಮಷೀನಿಗೆ ಹಳೆಯದರ ಐಪಿ ಅಡ್ರೆಸ್ಸನ್ನೇ ಕೊಡಿಸಿ, ಅದೇ ಐದು ಕೋಡ್ ಹಾಕಿಸೋದು. ಅದೇ ಕಂಪನಿಯ ಮಷೀನು ಬಂದರೆ ಡ್ರೈವರ್ ಮುಟ್ಟದೆಯೇ ನಡೆಯಬಹುದು. ಬೇರೆ ಕಂಪನಿಯದ್ದು ಬಂದರೆ ಎಲ್ಲ ಕಂಪ್ಯೂಟರಿನಲ್ಲೂ ಡ್ರೈವರ್ ಹೊಸದಾಗಿ ಹಾಕಬೇಕು, ಅದಕ್ಕೆ ಅರ್ಧ ದಿನ ಬಿಡುವು ಇಟ್ಟುಕೊಂಡು, ಕೋರ್ಟ್ ರಜೆಯ ದಿನ ಮಷೀನು ತರಲು ಹೇಳಿ ಎಂದು ಕೆಳಗೆ ಸೇರಿಸಿದ್ದೇನೆ.